ಕೊನೆಯಿಂದ ಓದಬೇಕಾದ ಪಟ್ಟಿ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಒಂಬತ್ತು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇವೆ. ಯಜಮಾನರದು ಎಚ್-1ಬಿ ಉದ್ಯೋಗ ವೀಸಾ, ಅವರ ಅವಲಂಬಿತರಾಗಿ ನನ್ನದೂ ಮಗನದೂ ಎಚ್-4. ಗ್ರೀನ್ ಕಾರ್ಡಿನ ಸರದಿಯಲ್ಲಿದ್ದೇವೆ. ಮಗನಿಗೆ ಹದಿನೆಂಟು ತುಂಬಿದೆ, ಈ ಬೇಸಿಗೆಯಲ್ಲಿ ಹೈಸ್ಕೂಲು ಮುಗಿಸಿದ. ಕಂಪ್ಯೂಟರ್ ಸೈನ್ಸಿಗೆ ಬೇಕಾದ ಕಡೆ ಸೀಟು ಸಿಗಲಿಲ್ಲ. ಕುಪರ್ಟಿನೋದ ಡಿ ಆನ್ಜಾ ಕಮ್ಯುನಿಟಿ ಕಾಲೇಜು ಸೇರಿ, ಎರಡು ವರ್ಷದ ಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುತ್ತೇನೆ ಎನ್ನುತ್ತಾನೆ. ಮೈಸೂರಿನಲ್ಲಿರುವ ಮಾವನವರು ‘ಅದೇನು ಟ್ಯುಟೋರಿಯಲ್ಲೇ?’ ಎಂದು ಕೇಳಿದರು, ಉತ್ತರ ಹೊಳೆಯಲಿಲ್ಲ. ಕೋರ್ಸುಗಳ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಕ್ಯಾಲ್ಕುಲಸ್ ಪಕ್ಕದಲ್ಲಿ ಕುಂಬಾರಿಕೆ, ಭೌತಶಾಸ್ತ್ರದ ಪಕ್ಕದಲ್ಲಿ ನೃತ್ಯ. ಜೊತೆಗೆ ‘ಎಥ್ನಿಕ್ ಸ್ಟಡೀಸ್’ ಎಂಬುದೊಂದು ಕಡ್ಡಾಯವಂತೆ. ಕಂಪ್ಯೂಟರ್ ಓದುವ ಹುಡುಗನಿಗೆ ಇದೆಲ್ಲ ಏಕೆ, ದುಡ್ಡು ದಂಡವಲ್ಲವೇ? ಇನ್ನೊಂದು ಮಾತು: ನಾನು ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರದ ಎಂಎಸ್ಸಿ ಮಾಡಿದವಳು, ಮನೆಯಲ್ಲೇ ಇದ್ದೇನೆ. ಅಲ್ಲಿ ನಾನೂ ಏನಾದರೂ ಕಲಿಯಲು ಸಾಧ್ಯವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ನೀವು ಕೇಳದೆ ಬಿಟ್ಟ ನಾಲ್ಕನೆಯದೂ ಒಂದಿದೆ, ಅದು ಮಗನಿಗೆ ಇಪ್ಪತ್ತೊಂದು ತುಂಬುವ ದಿನದ್ದು. ಹದಿನೆಂಟು ವರ್ಷಗಳಿಂದ ಈ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಕಮ್ಯುನಿಟಿ ಕಾಲೇಜುಗಳಲ್ಲಿ ಕೌನ್ಸೆಲರ್ ಆಗಿ ಕುಳಿತವಳು ನಾನು. ಎಚ್-4 ಎಂಬ ಪದ ಕಣ್ಣಿಗೆ ಬಿದ್ದ ಕೂಡಲೇ ಮನಸ್ಸು ಅಲ್ಲಿಗೇ ಓಡುತ್ತದೆ. ಆದರೂ ಮೊದಲು ಮಾವನವರನ್ನು ಸಮಾಧಾನಪಡಿಸೋಣ.

ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಆ ಲ್ಯಾಟರಲ್ ಎಂಟ್ರಿ ಮಾವನವರಿಗೆ ಗೊತ್ತಿರುತ್ತದೆ. ಹೆಚ್ಚುಕಡಿಮೆ ಅದೇ ಇದು. ವ್ಯತ್ಯಾಸವೆಂದರೆ ಇಲ್ಲಿ ಪ್ರವೇಶ ಮೂರನೇ ವರ್ಷಕ್ಕೆ, ಪ್ರತ್ಯೇಕ ಪ್ರವೇಶ ಪರೀಕ್ಷೆ ಇಲ್ಲ, ಮತ್ತು ಇದು ಹಿಂಬಾಗಿಲಲ್ಲ. ಬಾಗಿಲನ್ನು ಕಟ್ಟುವಾಗಲೇ ಯೋಚಿಸಿ ಇಟ್ಟದ್ದು. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣಕ್ಕೊಂದು ಮಾಸ್ಟರ್ ಪ್ಲಾನ್ ಮಾಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಅಂದರೆ ಯುಸಿಗೆ. ಮೇಲಿನ ಮೂರನೇ ಒಂದು ಭಾಗ ಸ್ಟೇಟ್ ಯೂನಿವರ್ಸಿಟಿಗೆ, ಅಂದರೆ ಸಿಎಸ್‌ಯುಗೆ. ಕಲಿಯಬಯಸುವ ಉಳಿದ ಯಾರಿಗಾದರೂ ಕಮ್ಯುನಿಟಿ ಕಾಲೇಜು. ಅಲ್ಲಿಂದ ಮೇಲಿನ ಎರಡಕ್ಕೂ ಏಣಿ. ಇಂದು ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ, ಸುಮಾರು ಇಪ್ಪತ್ತು ಲಕ್ಷ ವಿದ್ಯಾರ್ಥಿಗಳಿದ್ದಾರೆ. ಯುಸಿ ಕೊಡುವ ಪದವಿ ಪ್ರಮಾಣಪತ್ರದಲ್ಲಿ ‘ಇವನು ಟ್ರಾನ್ಸ್‌ಫರ್ ಆಗಿ ಬಂದವನು’ ಎಂದು ಬರೆದಿರುವುದಿಲ್ಲ. ಇಷ್ಟಕ್ಕೂ ಮಾವನವರು ಒಪ್ಪದಿದ್ದರೆ, ಆಪಲ್ ಕಂಪನಿಯ ಮೊದಲ ಮ್ಯಾಕಿಂಟೋಷ್ 1984ರ ಜನವರಿಯಲ್ಲಿ ಲೋಕಕ್ಕೆ ಮುಖ ತೋರಿಸಿದ್ದು ಇದೇ ಡಿ ಆನ್ಜಾ ಕ್ಯಾಂಪಸ್ಸಿನ ಫ್ಲಿಂಟ್ ಸೆಂಟರಿನಲ್ಲಿ ಎಂದು ಹೇಳಿ. ವಾದಕ್ಕೆ ಇದರಿಂದ ಏನೂ ಬಲ ಬರುವುದಿಲ್ಲ, ನಿಜ. ಆದರೆ ಮಾವಂದಿರ ಬಳಿ ನಡೆಯುತ್ತದೆ.

ಖರ್ಚಿನ ಲೆಕ್ಕ ಸಣ್ಣದು. ಕೋರ್ಸಿನ ಗಾತ್ರವನ್ನು ಇಲ್ಲಿ ಯೂನಿಟ್ಟುಗಳಲ್ಲಿ ಅಳೆಯುತ್ತಾರೆ; ರಾಜ್ಯದ ನಿವಾಸಿಗಳಿಗೆ ಶುಲ್ಕ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್. ಡಿ ಆನ್ಜಾದಲ್ಲಿ ವರ್ಷವನ್ನು ಸೆಮಿಸ್ಟರಿನ ಬದಲು ಹನ್ನೆರಡು ವಾರಗಳ ಕ್ವಾರ್ಟರ್‌ಗಳಾಗಿ ಹಂಚಿರುವುದರಿಂದ ಯೂನಿಟ್ಟಿಗೆ 31. ಟ್ರಾನ್ಸ್‌ಫರಿಗೆ ಬೇಕಾದ 90 ಕ್ವಾರ್ಟರ್ ಯೂನಿಟ್ಟುಗಳಿಗೆ 2,790 ಡಾಲರ್, ಮೇಲೊಂದಿಷ್ಟು ಚಿಲ್ಲರೆ ಶುಲ್ಕ, ಪುಸ್ತಕ. ಯುಸಿಯಲ್ಲಿ ಒಂದೇ ವರ್ಷದ ಬೋಧನಾ ಶುಲ್ಕ ಹದಿನಾಲ್ಕು ಸಾವಿರ ಡಾಲರ್ ದಾಟುತ್ತದೆ. ಎಚ್-1ಬಿ, ಎಚ್-4 ಇರುವವರು ರಾಜ್ಯದಲ್ಲಿ ಒಂದು ವರ್ಷ ಒಂದು ದಿನ ನೆಲೆಸಿದ್ದನ್ನು ದಾಖಲೆ ಸಮೇತ ತೋರಿಸಿದರೆ ನಿವಾಸಿಗಳ ದರವೇ ಸಿಗುತ್ತದೆ. ನಿಮಗೆ ಅದರಲ್ಲಿ ತೊಂದರೆ ಬರಬಾರದು. ಅಮೆರಿಕದ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಅನುದಾನ ಮಾತ್ರ ಈ ವೀಸಾದವರಿಗಿಲ್ಲ, ಅದನ್ನು ಮರೆತುಬಿಡಿ.

ಈಗ ಪಟ್ಟಿಗೆ ಬರೋಣ. ಮೊದಲ ಪುಟದಿಂದ ಓದಲು ಶುರು ಮಾಡಿದವರು ಮುಳುಗುತ್ತಾರೆ. ನನ್ನ ಎದುರು ಕುಳಿತು ‘ಯಾವ ಕೋರ್ಸ್ ತೆಗೆದುಕೊಳ್ಳಲಿ?’ ಎಂದು ಕೇಳುವ ಪ್ರತಿ ವಿದ್ಯಾರ್ಥಿಗೂ ನಾನು ‘ಎಲ್ಲಿಗೆ ಹೋಗಬೇಕು?’ ಎಂದು ತಿರುಗಿ ಕೇಳುತ್ತೇನೆ. ಮೆಜೆಸ್ಟಿಕ್ಕಿನಲ್ಲಿ ನಿಂತು ಯಾವ ಬಸ್ ಹತ್ತಲಿ ಎಂದು ಕೇಳಿದರೆ ಕಂಡಕ್ಟರ್ ಏನು ಹೇಳುತ್ತಾನೆಯೋ ಅದೇ. ಕೋರ್ಸ್ ಪಟ್ಟಿಯನ್ನು ಕೊನೆಯಿಂದ ಓದಬೇಕು: ಮೊದಲು ಸೇರಬೇಕಾದ ಕ್ಯಾಂಪಸ್, ಅಲ್ಲಿಯ ವಿಷಯ, ಆ ವಿಷಯ ಕೇಳುವ ಕೋರ್ಸುಗಳು, ಆಮೇಲೆ ಈ ಕ್ವಾರ್ಟರ್.

ಇದಕ್ಕೆ ‘ಅಸಿಸ್ಟ್’ ಎಂಬ ಸರ್ಕಾರಿ ಜಾಲತಾಣವಿದೆ, ದುಡ್ಡಿಲ್ಲ, ಲಾಗಿನ್ನೂ ಬೇಡ. ಮಗನ ಜೊತೆ ಕುಳಿತು ತೆರೆಯಿರಿ. ಯಾವ ಕಾಲೇಜಿನಿಂದ, ಯಾವ ಯೂನಿವರ್ಸಿಟಿಗೆ, ಯಾವ ವಿಷಯಕ್ಕೆ ಎಂದು ಆರಿಸಿದರೆ ಪುಟ ಎರಡು ಅಂಕಣಗಳಾಗಿ ತೆರೆದುಕೊಳ್ಳುತ್ತದೆ. ಎಡಕ್ಕೆ ಯೂನಿವರ್ಸಿಟಿ ಕೇಳುವ ಕೋರ್ಸ್, ಬಲಕ್ಕೆ ಅದಕ್ಕೆ ಸಮನಾದ ಡಿ ಆನ್ಜಾ ಕೋರ್ಸ್. ಕೆಲವು ಸಾಲುಗಳಲ್ಲಿ ಎಡಗಡೆಯ ಒಂದಕ್ಕೆ ಬಲಗಡೆ ಎರಡು ಮೂರು ಕೋರ್ಸುಗಳಿದ್ದು, ನಡುವೆ ‘ಮತ್ತು’ ಎಂಬ ಪದ ಸಣ್ಣ ಅಕ್ಷರದಲ್ಲಿರುತ್ತದೆ. ಆ ‘ಮತ್ತು’ ಕಣ್ತಪ್ಪಿ ಒಂದು ವರ್ಷ ಕಳೆದುಕೊಂಡವರನ್ನು ನಾನು ಬಲ್ಲೆ. ಸೆಮಿಸ್ಟರ್ ಪದ್ಧತಿಯ ಕ್ಯಾಂಪಸ್ಸಿನ ಒಂದು ಕೋರ್ಸು ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಒಂದೂವರೆ ಕೋರ್ಸಿನಷ್ಟು ಆಗುತ್ತದೆ, ಅದಕ್ಕೇ ಈ ತುಂಡುಗಳು. ಒಂದು ತುಂಡು ಇಲ್ಲಿ, ಇನ್ನೊಂದು ತುಂಡು ಪಕ್ಕದೂರಿನ ಸೆಮಿಸ್ಟರ್ ಕಾಲೇಜಿನಲ್ಲಿ ಮುಗಿಸುತ್ತೇನೆಂದು ಹೊರಟರೆ ನಡುವೆ ಸಂದು ಬೀಳುತ್ತದೆ. ಒಂದು ಸರಪಳಿಯನ್ನು ಶುರು ಮಾಡಿದ ಕಾಲೇಜಿನಲ್ಲೇ ಮುಗಿಸಲಿ.

ಸರಪಳಿ ಎಂದೆನಲ್ಲ, ವಿಜ್ಞಾನ ಭಾಗದ ಜೀವಾಳವೇ ಅದು. ಡಿ ಆನ್ಜಾದಲ್ಲಿ ಕ್ಯಾಲ್ಕುಲಸ್ ಗಣಿತ 1ಎ, 1ಬಿ, 1ಸಿ, 1ಡಿ ಎಂದು ನಾಲ್ಕು ಕೊಂಡಿ. ಆಮೇಲೆ ಡಿಫರೆನ್ಷಿಯಲ್ ಸಮೀಕರಣಗಳ 2ಎ, ಲೀನಿಯರ್ ಆಲ್ಜಿಬ್ರಾದ 2ಬಿ. ಎಂಜಿನಿಯರಿಂಗ್ ಕಡೆಯವರಿಗೆ ಭೌತಶಾಸ್ತ್ರ 4ಎಯಿಂದ 4ಡಿವರೆಗೆ ಇನ್ನೊಂದು ಸರಪಳಿ, ಅದಕ್ಕೆ ಗಣಿತದ ಕೊಂಡಿಗಳು ಮೊದಲು ಬೇಕು. ಒಂದು ಕೊಂಡಿ ತಪ್ಪಿದರೆ ಮುಂದಿನದೆಲ್ಲ ಒಂದು ಕ್ವಾರ್ಟರ್ ತಡ. ಹೈಸ್ಕೂಲಿನಲ್ಲಿ ಎಪಿ ಕ್ಯಾಲ್ಕುಲಸ್, ಅಂದರೆ ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದ್ದರೆ ಮುಂದಿನ ಕೊಂಡಿಯಿಂದಲೇ ಶುರು ಮಾಡಬಹುದು. ಅಂಕಪಟ್ಟಿಯನ್ನು ಕಾಲೇಜಿಗೆ ಅಧಿಕೃತವಾಗಿ ಕಳಿಸಲು ಇವತ್ತೇ ಹೇಳಿ, ದಾಖಲಾತಿ ತೆರೆದ ಮೇಲೆ ಅದಕ್ಕಾಗಿ ಪರದಾಡುವುದು ಬೇಡ.

ಕ್ಯಾಟಲಾಗಿನಲ್ಲಿ ಇರುವುದೆಲ್ಲ ಕ್ಲಾಸ್ ಷೆಡ್ಯೂಲಿನಲ್ಲಿ ಇರುವುದಿಲ್ಲ, ಇದನ್ನೂ ನೆನಪಿಡಿ. ಹೋಟೆಲಿನ ಗೋಡೆಯ ಮೇಲೆ ನಲವತ್ತು ತಿಂಡಿಗಳ ಬೋರ್ಡಿರುತ್ತದೆ, ಮಾಣಿ ಬಂದು ‘ಸೆಟ್ ದೋಸೆ ಖಾಲಿ, ಪೂರಿ ಭಾನುವಾರ ಮಾತ್ರ’ ಎನ್ನುತ್ತಾನಲ್ಲ, ಹಾಗೆ. ಸರಪಳಿಯ ಕೊನೆಯ ಕೋರ್ಸುಗಳು ವರ್ಷಕ್ಕೆ ಒಂದೆರಡು ಸಲ ಮಾತ್ರ ಬರಬಹುದು. ಸಾಕಷ್ಟು ಜನ ಸೇರದಿದ್ದರೆ ತರಗತಿ ರದ್ದಾಗುತ್ತದೆ. ಹೊಸ ವಿದ್ಯಾರ್ಥಿಗಳಿಗೆ ದಾಖಲಾತಿಯ ಸರದಿ ತಡವಾಗಿ ಬರುವುದರಿಂದ ಜನಪ್ರಿಯ ಪ್ರೋಗ್ರಾಮಿಂಗ್ ತರಗತಿಗಳು ಭರ್ತಿಯಾಗಿರುತ್ತವೆ. ಆಗ ವೇಟ್‌ಲಿಸ್ಟ್ ಸೇರಿ ಮೊದಲ ದಿನ ತರಗತಿಗೆ ಹೋಗಿ ಕುಳಿತುಬಿಡಬೇಕು. ಮೊದಲ ವಾರದಲ್ಲಿ ಹಲವರು ಬಿಟ್ಟು ಹೋಗುತ್ತಾರೆ. ನಾಚಿಕೆ ಪಟ್ಟು ಮನೆಯಲ್ಲೇ ಉಳಿದವರಿಗೆ ಸೀಟಿಲ್ಲ.

‘ಎರಡು ವರ್ಷ ಓದಿ ಟ್ರಾನ್ಸ್‌ಫರ್’ ಎನ್ನುವ ಮಾತಿನಲ್ಲಿ ಒಂದು ಮೋಸವಿದೆ. ಸೆಪ್ಟೆಂಬರ್ ಕೊನೆಗೆ ಮಗನ ತರಗತಿ ಶುರುವಾಗುತ್ತದೆ ಎನ್ನಿ. ಮರುವರ್ಷದ ಅಕ್ಟೋಬರ್, ನವೆಂಬರಿನಲ್ಲೇ ಅವನು ಯುಸಿಗೆ ಅರ್ಜಿ ಹಾಕಬೇಕು. ಆ ಹೊತ್ತಿಗೆ ಅವನ ಕೈಯಲ್ಲಿ ಇರುವುದು ಮೂರು ಕ್ವಾರ್ಟರುಗಳ ಅಂಕ, ಹೆಚ್ಚೆಂದರೆ ಒಂದು ಬೇಸಿಗೆ ತರಗತಿ. ಪರೀಕ್ಷೆ ಇರುವುದು ಮೊದಲ ವರ್ಷದಲ್ಲೇ. ಪಿಯುಸಿ ಮೊದಲ ವರ್ಷ ಆಟವಾಡಿ ಎರಡನೇ ವರ್ಷ ಗಂಟಲು ಕಟ್ಟಿಕೊಂಡು ಓದಿದ ನಮ್ಮ ತಲೆಮಾರಿನ ಪದ್ಧತಿ ಇಲ್ಲಿ ಕೈಕೊಡುತ್ತದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಎಂಬ ಆರು ಯುಸಿ ಕ್ಯಾಂಪಸ್‌ಗಳಲ್ಲಿ ‘ಟ್ಯಾಗ್’ ಎಂಬ ಪ್ರವೇಶದ ಖಾತರಿ ಉಂಟು. ಅದರಲ್ಲಿ ಒಂದೇ ಕ್ಯಾಂಪಸ್ ಆರಿಸಬೇಕು, ಅರ್ಜಿ ಸೆಪ್ಟೆಂಬರ್ ತಿಂಗಳಿನಲ್ಲಿ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಅದರಲ್ಲಿಲ್ಲ. ಕಂಪ್ಯೂಟರ್ ಸೈನ್ಸನ್ನು ಹಲವು ಕಡೆ ಈ ಖಾತರಿಯಿಂದ ಹೊರಗಿಡುತ್ತಾರೆ, ಆ ಪಟ್ಟಿ ವರ್ಷ ವರ್ಷವೂ ಬದಲಾಗುತ್ತದೆ. ಖಾತರಿ ಇದೆ ಎಂದು ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ. ಆಯಾ ವರ್ಷದ ಕಾಗದ ನೋಡಿ.

ಇನ್ನು ನಿಮ್ಮನ್ನು ಕಾಡಿದ ಕುಂಬಾರಿಕೆ, ನೃತ್ಯ, ಎಥ್ನಿಕ್ ಸ್ಟಡೀಸ್. ಯುಸಿ, ಸಿಎಸ್‌ಯು ಎರಡಕ್ಕೂ ಒಪ್ಪಿಗೆಯಾಗುವ ಸಾಮಾನ್ಯ ಶಿಕ್ಷಣದ ಒಂದೇ ಮಾದರಿ ಈಗಿದೆ, ಹೆಸರು ಕ್ಯಾಲ್-ಗೆಟ್ಸಿ (Cal-GETC). 2025ರ ಶರತ್ಕಾಲದಿಂದ ಹೊಸದಾಗಿ ಸೇರುವವರಿಗೆ ಇದೇ ಅನ್ವಯ. ಹನ್ನೊಂದು ಕೋರ್ಸು, ಸೆಮಿಸ್ಟರ್ ಲೆಕ್ಕದಲ್ಲಿ 34 ಯೂನಿಟ್. ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ ಸೇರಿ ಮೂರು, ಗಣಿತ ಒಂದು, ಕಲೆ ಮತ್ತು ಮಾನವಿಕ ಎರಡು, ಸಮಾಜ ವಿಜ್ಞಾನ ಎರಡು, ಪ್ರಯೋಗಾಲಯ ಸಮೇತ ವಿಜ್ಞಾನ ಎರಡು, ಎಥ್ನಿಕ್ ಸ್ಟಡೀಸ್ ಒಂದು. ಹತ್ತನೇ ತರಗತಿ ಮುಗಿದೊಡನೆ ಪಿಸಿಎಂಬಿ ಎಂದು ಬೇಲಿ ಹಾಕಿಸಿಕೊಂಡ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಕರ್ನಾಟಕದಲ್ಲೂ 2021ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ಪದವಿ ವಿದ್ಯಾರ್ಥಿಗಳಿಗೆ ಓಪನ್ ಎಲೆಕ್ಟಿವ್ ಬಂತು, ಮೂರೇ ವರ್ಷದಲ್ಲಿ ಸರ್ಕಾರ ಆ ವ್ಯವಸ್ಥೆಯನ್ನು ಬಿಟ್ಟು ಹಳೆಯ ಮೂರು ವರ್ಷದ ಪದವಿಗೆ ಮರಳಿತು. ಅದು ಬೇರೂರಲು ಸಮಯವೇ ಸಿಗಲಿಲ್ಲ ಎಂಬುದು ನನ್ನ ಬೇಸರ.

ಕಂಪ್ಯೂಟರ್ ಸೈನ್ಸಿನವರು ಈ ಹನ್ನೊಂದನ್ನೂ ಮೊದಲೇ ಮುಗಿಸಬೇಕೆಂದೇನಿಲ್ಲ. ಗಣಿತ, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಸರಪಳಿಗಳೇ ಮುಖ್ಯ, ಉಳಿದ ಜಾಗದಲ್ಲಿ ಇವು. ಆದರೆ ಒಂದೇ ಕ್ವಾರ್ಟರಿನಲ್ಲಿ ಕ್ಯಾಲ್ಕುಲಸ್, ಭೌತಶಾಸ್ತ್ರ, ಡೇಟಾ ಸ್ಟ್ರಕ್ಚರ್ ಮೂರನ್ನೂ ಹೊತ್ತುಕೊಂಡು ಕುಸಿದ ಹುಡುಗರನ್ನು ಕಂಡಿದ್ದೇನೆ. ಕ್ವಾರ್ಟರ್ ಹನ್ನೆರಡೇ ವಾರ, ಮೂರನೇ ವಾರಕ್ಕೆ ಕಿರುಪರೀಕ್ಷೆ ಬಂದಿರುತ್ತದೆ. ಎರಡು ಕಠಿಣ, ಒಂದು ಬೇರೆ ರುಚಿಯದು ಎಂದು ಜೋಡಿಸಿದರೆ ಊಟ ದಕ್ಕುತ್ತದೆ.

ಕಲೆಯ ಭಾಗದಲ್ಲಿ ಒಂದು ಹಳ್ಳವಿದೆ, ಜೋಪಾನ. ತಿಗರಿಯ ಮೇಲೆ ಮಡಕೆ ಮಾಡುವ ತರಗತಿ, ಚಿತ್ರ ಬಿಡಿಸುವ ತರಗತಿ ಸಾಮಾನ್ಯವಾಗಿ ಕ್ಯಾಲ್-ಗೆಟ್ಸಿಯ ‘ಕಲೆ’ಗೆ ಲೆಕ್ಕವಾಗುವುದಿಲ್ಲ. ಅಲ್ಲಿ ಬೇಕಾದದ್ದು ಕಲೆಯ ಇತಿಹಾಸ, ಸಂಗೀತದ ಪರಿಚಯ, ಸಿನಿಮಾ ಅಧ್ಯಯನದಂಥವು. ಯೂನಿಟ್ ಸಿಗುತ್ತದೆ, ಆದರೆ ಕಡ್ಡಾಯದ ಚೌಕ ತುಂಬುವುದಿಲ್ಲ. ಹಾಗೆಂದು ಸ್ಟುಡಿಯೋ ತರಗತಿ ದಂಡ ಎನ್ನಲಾರೆ. ಈ ಕಾಲೇಜುಗಳಲ್ಲಿ ಕಲೆ ಎನ್ನುವುದು ಮೂಲೆಗೆ ತಳ್ಳಿದ ವಿಭಾಗವಲ್ಲ. ಮೆಕ್ಸಿಕೋದ ಡಿಯಾಗೋ ರಿವೇರಾ 1940ರಲ್ಲಿ ಟ್ರೆಷರ್ ಐಲ್ಯಾಂಡಿನ ವಸ್ತುಪ್ರದರ್ಶನದಲ್ಲಿ ಜನರ ಕಣ್ಣೆದುರೇ ಬರೆದ ಎಪ್ಪತ್ತನಾಲ್ಕು ಅಡಿ ಅಗಲದ ಭಿತ್ತಿಚಿತ್ರದ ಒಡೆತನ ಯಾವ ದೊಡ್ಡ ಮ್ಯೂಸಿಯಮ್ಮಿನದೂ ಅಲ್ಲ, ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಕಮ್ಯುನಿಟಿ ಕಾಲೇಜಿನದು. ಫ್ರಿಮಾಂಟಿನ ಓಲೋನಿ ಕಾಲೇಜು ಅಮೆರಿಕನ್ ಸಂಜ್ಞಾ ಭಾಷೆಗೂ ಕಿವುಡರ ಶಿಕ್ಷಣಕ್ಕೂ ಹೆಸರುವಾಸಿ, ಅದೇ ಊರಿನಲ್ಲಿ ರಾಜ್ಯದ ಕಿವುಡರ ಶಾಲೆ ಇದೆ. ಒಂದೊಂದು ಕಾಲೇಜಿನ ಪಟ್ಟಿಯೂ ಅದರ ಸುತ್ತಲ ಊರಿನ ಚಹರೆಯನ್ನೇ ಹೊತ್ತಿರುತ್ತದೆ.

ಎಥ್ನಿಕ್ ಸ್ಟಡೀಸ್ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ನಾಲ್ಕನೇ ಪ್ರಶ್ನೆಯ ಬೇರು ಇಲ್ಲಿಯೇ ಇದೆ.

‘ಜನಾಂಗೀಯ ಅಧ್ಯಯನ’ ಎಂದು ಕನ್ನಡ ಮಾಡಿದರೆ, ಬ್ರಿಟಿಷರ ಕಾಲದಲ್ಲಿ ನಮ್ಮ ಜನರ ತಲೆಬುರುಡೆ, ಮೂಗು ಅಳೆದ ಮಾನವಶಾಸ್ತ್ರ ನೆನಪಾಗುತ್ತದೆ. ಇದು ಅದರ ತಿರುವು ಮುರುವು, ಹಾಗೆ ಅಳೆಸಿಕೊಂಡವರು ತಮ್ಮ ಚರಿತ್ರೆಯನ್ನು ತಾವೇ ಹೇಳುವುದು. ಈ ವಿಷಯ ಪ್ರೊಫೆಸರುಗಳ ಸಮಿತಿಯಲ್ಲಿ ಹುಟ್ಟಲಿಲ್ಲ. ಓಕ್ಲೆಂಡಿನ ಮೆರಿಟ್ ಎಂಬ ಕಮ್ಯುನಿಟಿ ಕಾಲೇಜಿನಲ್ಲಿ 1960ರ ದಶಕದಲ್ಲೇ ಕಪ್ಪು ವಿದ್ಯಾರ್ಥಿಗಳು ತಮ್ಮ ಇತಿಹಾಸದ ಪಾಠ ಬೇಕೆಂದು ಪಟ್ಟು ಹಿಡಿದರು. 1966ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಆ ಕಾಲೇಜಿನಲ್ಲಿ ಓದಿದವರೇ. 1968ರ ನವೆಂಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಮುಷ್ಕರ ಶುರುವಾಯಿತು. ಕಪ್ಪು, ಮೆಕ್ಸಿಕನ್, ಚೀನೀ, ಫಿಲಿಪಿನೋ, ಜಪಾನೀ ಮೂಲದ ವಿದ್ಯಾರ್ಥಿಗಳು ಒಟ್ಟಾಗಿ ನಿಂತರು. ಡಿಸೆಂಬರಿನಲ್ಲಿ ಕಾಲೇಜಿನ ಹೊಸ ಅಧ್ಯಕ್ಷ ಹಯಕಾವಾ, ಭಾಷಾ ವಿದ್ವಾಂಸರು, ಸ್ವತಃ ಜಪಾನೀ ಮೂಲದವರು, ಮುಷ್ಕರನಿರತರ ಧ್ವನಿವರ್ಧಕದ ಲಾರಿ ಹತ್ತಿ ತಂತಿಗಳನ್ನು ಕಿತ್ತೆಸೆದರು. ಮುಷ್ಕರ ನಿಲ್ಲಲಿಲ್ಲ. ನಾಲ್ಕೂವರೆ ತಿಂಗಳ ನಂತರ, 1969ರ ಮಾರ್ಚಿನಲ್ಲಿ ಒಪ್ಪಂದವಾಯಿತು, ಆ ವರ್ಷ ಎಥ್ನಿಕ್ ಸ್ಟಡೀಸಿಗೇ ಒಂದು ಪ್ರತ್ಯೇಕ ವಿಭಾಗ ಬಂತು. ಅರ್ಧ ಶತಮಾನದ ಮೇಲೆ, 2020ರಲ್ಲಿ, ಸಿಎಸ್‌ಯುನಲ್ಲಿ ಪದವಿ ಪಡೆಯುವ ಪ್ರತಿಯೊಬ್ಬರೂ ಇದರ ಒಂದು ಕೋರ್ಸ್ ಓದಬೇಕೆಂದು ಕಾನೂನಾಯಿತು. ಮರುವರ್ಷ ಕಮ್ಯುನಿಟಿ ಕಾಲೇಜುಗಳೂ ತಮ್ಮ ಎರಡು ವರ್ಷದ ಅಸೋಸಿಯೇಟ್ ಪದವಿಗೆ ಅದನ್ನು ಸೇರಿಸಿಕೊಂಡವು. ಮೂಲನಿವಾಸಿಗಳು, ಆಫ್ರಿಕನ್ ಅಮೆರಿಕನ್ನರು, ಏಷ್ಯನ್ ಅಮೆರಿಕನ್ನರು, ಲ್ಯಾಟಿನೋಗಳು ಎಂಬ ನಾಲ್ಕು ಸಮುದಾಯಗಳು ಅದರ ಕೇಂದ್ರ.

ಇಲ್ಲಿ ನಮ್ಮವರು ಪದೇ ಪದೇ ಬೀಳುವ ಗುಂಡಿ ಒಂದಿದೆ. ‘ಏಷ್ಯನ್ ಸ್ಟಡೀಸ್’ ಬೇರೆ, ‘ಏಷ್ಯನ್ ಅಮೆರಿಕನ್ ಸ್ಟಡೀಸ್’ ಬೇರೆ. ಭಾರತದ ಇತಿಹಾಸವನ್ನೋ ಹಿಂದೂ ಧರ್ಮವನ್ನೋ ಓದಿದರೆ ಈ ಚೌಕ ತುಂಬುವುದಿಲ್ಲ. ಕೋರ್ಸಿನ ಸಂಖ್ಯೆಯ ಹಿಂದಿರುವ ವಿಭಾಗದ ಹೆಸರೇ ಎಥ್ನಿಕ್ ಸ್ಟಡೀಸಿನದ್ದಾಗಿರಬೇಕು, ಮತ್ತು ಅದು ಕ್ಯಾಲ್-ಗೆಟ್ಸಿಯ ಆರನೇ ವಲಯಕ್ಕೆ ಒಪ್ಪಿಗೆ ಪಡೆದಿರಬೇಕು. ಬೇರೊಂದು ಕಾಲೇಜಿನಲ್ಲಿ, ಹೆಸರು ಬೇಡ, ಕೌನ್ಸೆಲರೊಬ್ಬರು ಹುಡುಗಿಯೊಬ್ಬಳಿಗೆ ಮಾನವಶಾಸ್ತ್ರದ ಕೋರ್ಸ್ ಸಾಕೆಂದು ಹೇಳಿ ಕಳಿಸಿದ್ದರು. ಅವಳು ಕೊನೆಯ ಬೇಸಿಗೆಯಲ್ಲಿ ಕಣ್ಣೀರು ಹಾಕುತ್ತ ನನ್ನ ಬಳಿ ಬಂದಿದ್ದಳು.

ಯಾವುದನ್ನು ಆರಿಸುವುದು? ನಿಮ್ಮ ಮಗನಿಗೆ ನಾನು ಏಷ್ಯನ್ ಅಮೆರಿಕನ್ ಇತಿಹಾಸವನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ದಾವಣಗೆರೆ ಕಡೆಯ ಕುಟುಂಬದ ಹುಡುಗನೊಬ್ಬ ‘ಇದರಲ್ಲಿ ಸುಲಭವಾದದ್ದು ಯಾವುದು?’ ಎಂದು ಕೇಳಿಕೊಂಡು ಬಂದ. ನನ್ನ ಉತ್ತರ ಇದೇ ಆಗಿತ್ತು. ಕ್ವಾರ್ಟರ್ ಮುಗಿಯುವ ವೇಳೆಗೆ ಮತ್ತೆ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. 1930ರ ಜನಗಣತಿಯ ಹಾಳೆ, ದಕ್ಷಿಣ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯದು. ಗಣತಿಯವನ ಓರೆ ಅಕ್ಷರದಲ್ಲಿ ಒಬ್ಬ ಸಿಂಗ್, ಕಸುಬು ಬೇಸಾಯ, ‘ಬಣ್ಣ ಅಥವಾ ಜನಾಂಗ’ದ ಅಂಕಣದಲ್ಲಿ ‘ಹಿನ್’, ಅಂದರೆ ಹಿಂದೂ. ಕೆಳಗಿನ ಸಾಲಿನಲ್ಲಿ ಅವನ ಹೆಂಡತಿ, ಅವಳ ಮುಂದೆ ‘ಮೆಕ್ಸ್’. ಸಿಖ್ಖನನ್ನು ಹಿಂದೂ ಎಂದು ಬರೆದದ್ದೇಕೆ, ಪಂಜಾಬಿಯ ಹೆಂಡತಿ ಮೆಕ್ಸಿಕನ್ ಹೇಗೆ ಎಂದು ಅವನೇ ನನಗೆ ಪಾಠ ಮಾಡಿದ. ಆಗಿನ ಗಣತಿಯಲ್ಲಿ ‘ಹಿಂದೂ’ ಎನ್ನುವುದು ಧರ್ಮದ ಹೆಸರಲ್ಲ, ಭಾರತೀಯರೆಲ್ಲರಿಗೂ ಅಂಟಿಸಿದ ಜನಾಂಗದ ಹೆಸರು. 1917ರ ಕಾನೂನು ಏಷ್ಯಾದ ಬಹುಭಾಗದಿಂದ ವಲಸೆಯನ್ನೇ ತಡೆದಿದ್ದರಿಂದ ಊರಿನಿಂದ ಹೆಂಡತಿಯನ್ನು ಕರೆತರುವಂತಿರಲಿಲ್ಲ. ಬಿಳಿಯರನ್ನು ಮದುವೆಯಾಗಲು ಕ್ಯಾಲಿಫೋರ್ನಿಯಾದ ಕಾನೂನು ಬಿಡುತ್ತಿರಲಿಲ್ಲ.

ಅದೇ ಕೋರ್ಸಿನಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ದುಡಿದವರು, ಪೌರತ್ವ ಕೇಳಿದರು. ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವ ಕೊಡುತ್ತಿದ್ದ ಕಾಲ. 1923ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಶ್ನೆಯ ಸಾರ ಹೀಗಿತ್ತು: ಅಮೃತಸರದಲ್ಲಿ ಹುಟ್ಟಿದ, ಶುದ್ಧ ಭಾರತೀಯ ರಕ್ತದ, ಮೇಲ್ಜಾತಿಯ ಹಿಂದೂ ಬಿಳಿಯನೇ? ಅಲ್ಲ ಎಂದಿತು ನ್ಯಾಯಾಲಯ. ಆಗಲೇ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರಿಂದ ಸರ್ಕಾರ ಅದನ್ನು ಕಿತ್ತುಕೊಳ್ಳತೊಡಗಿತು. ಅದಕ್ಕೂ ಮೊದಲೇ ಬಂದಿದ್ದ ಭೂಕಾನೂನಿನಿಂದಾಗಿ, ಪೌರರಾಗಲಾರದವರು ಕ್ಯಾಲಿಫೋರ್ನಿಯಾದಲ್ಲಿ ಜಮೀನು ಕೊಳ್ಳುವಂತಿರಲಿಲ್ಲ. ಬಿಳಿತನದ ಅರ್ಜಿಯಲ್ಲಿ ಜಾತಿಯ ಹಿರಿಮೆಯನ್ನು ಸಾಕ್ಷಿಯಾಗಿ ಇಟ್ಟ ಆ ವಾದವನ್ನು ಓದುವಾಗ ನಮಗೆ ಕಸಿವಿಸಿಯಾಗುತ್ತದೆ. ಆಗಬೇಕು. ಈ ತರಗತಿಯಲ್ಲಿ ನಾವು ಬರೀ ಅನ್ಯಾಯಕ್ಕೊಳಗಾದವರ ಸಾಲಿನಲ್ಲಿ ಕೂರುವುದಿಲ್ಲ. 2022ರಲ್ಲಿ ಸಿಎಸ್‌ಯು ತನ್ನ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನೂ ಸೇರಿಸಿತು, 2023ರಲ್ಲಿ ರಾಜ್ಯದ ಶಾಸನಸಭೆ ಅಂಗೀಕರಿಸಿದ ಜಾತಿ ತಾರತಮ್ಯ ಮಸೂದೆಗೆ ರಾಜ್ಯಪಾಲರು ಸಹಿ ಹಾಕಲಿಲ್ಲ. ನಿಮ್ಮ ವಾಟ್ಸಾಪ್ ಗುಂಪಿನಲ್ಲೂ ಆಗ ಜಗಳವಾಗಿರಬೇಕು, ನಮ್ಮಲ್ಲಂತೂ ಇಬ್ಬರು ಗುಂಪು ಬಿಟ್ಟರು. ಮಗ ತರಗತಿಯಿಂದ ಬಂದು ಊಟದ ಹೊತ್ತಿಗೆ ಇದನ್ನು ಎತ್ತಿದರೆ ತಟ್ಟೆ ಸರಿಸಿ ಏಳಬೇಡಿ.

ಮುಂದಿನ ಕತೆ ನಿಮ್ಮ ಮನೆಯದೇ. 1946ರ ಕಾನೂನು ಭಾರತೀಯರಿಗೆ ಪೌರತ್ವದ ಹಕ್ಕು ಕೊಟ್ಟಿತು, ವಲಸೆಗೆ ವರ್ಷಕ್ಕೆ ನೂರು ಜನರ ಕೋಟಾ ಇಟ್ಟಿತು. 1965ರ ಕಾನೂನು ಮೂಲ ದೇಶದ ಆಧಾರದ ಆ ಹಳೆಯ ಕೋಟಾವನ್ನು ತೆಗೆಯಿತು, ಆದರೆ ಪ್ರತಿ ದೇಶಕ್ಕೂ ಒಂದು ಮಿತಿಯ ಕಲ್ಪನೆಯನ್ನು ಉಳಿಸಿತು. 1990ರ ಕಾನೂನು ಎಚ್-1ಬಿ ವೀಸಾವನ್ನು ಈಗಿನ ರೂಪಕ್ಕೆ ತಂದಿತು, ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶಕ್ಕೆ ಶೇಕಡ 7ಕ್ಕಿಂತ ಹೆಚ್ಚು ಹೋಗಬಾರದೆಂದು ಗೆರೆ ಎಳೆಯಿತು. ದೊಡ್ಡ ದೇಶಕ್ಕೂ ಸಣ್ಣ ದೇಶಕ್ಕೂ ಅದೇ ಏಳು. ನಿಮ್ಮ ಸರದಿ ಆಮೆಯಂತೆ ತೆವಳುವುದು ಈ ಗೆರೆಯಿಂದ. ದುಡ್ಡು ದಂಡವೇ ಎಂದು ಕೇಳಿದಿರಿ. ನಿಮ್ಮ ಯಜಮಾನರು ಸರದಿ ಎಲ್ಲಿಗೆ ಬಂತೆಂದು ಹೇಳುವ ವೀಸಾ ಬುಲೆಟಿನ್ ಅನ್ನು ಪ್ರತಿ ತಿಂಗಳು ನೋಡಿ ನಿಟ್ಟುಸಿರು ಬಿಡುವುದನ್ನು ಒಂಬತ್ತು ವರ್ಷ ನೋಡಿದ ಹುಡುಗನಿಗೆ ಅದರ ಹಿಂದಿನ ನೂರು ವರ್ಷ ಗೊತ್ತಾಗುವುದು ಈ ಒಂದು ತರಗತಿಯಲ್ಲಿ. ಲೀನಿಯರ್ ಆಲ್ಜಿಬ್ರಾದಲ್ಲಿ ಅದು ಬರುವುದಿಲ್ಲ.

ಆ ಗೆರೆಯೇ ನಾಲ್ಕನೇ ಪ್ರಶ್ನೆ. ಎಚ್-4 ಮಕ್ಕಳ ವೀಸಾ ಇಪ್ಪತ್ತೊಂದಕ್ಕೆ ಮುಗಿಯುತ್ತದೆ. ಮಗ ಇಪ್ಪತ್ತಕ್ಕೆ ಟ್ರಾನ್ಸ್‌ಫರ್ ಆದರೆ, ಯೂನಿವರ್ಸಿಟಿಯ ಮೊದಲ ವರ್ಷದಲ್ಲೇ ಆ ದಿನ ಬರುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಅವನು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಡುವ 2002ರ ಕಾನೂನೊಂದಿದೆ, ಆದರೆ ಉದ್ದದ ಸರದಿಯಲ್ಲಿರುವ ಎಲ್ಲರನ್ನೂ ಅದು ಕಾಯುವುದಿಲ್ಲ. ಎಫ್-1 ಆದವರು ಪ್ರತಿ ಕ್ವಾರ್ಟರ್ ಕನಿಷ್ಠ 12 ಯೂನಿಟ್ ಓದಬೇಕು, ಆನ್‌ಲೈನ್ ತರಗತಿಗಳಿಗೆ ಮಿತಿಯಿದೆ, ಮತ್ತು ಶುಲ್ಕ ಹೊರಗಿನವರ ದರಕ್ಕೆ ಏರಬಹುದು. ಯುಸಿಯಲ್ಲಿ ಹೊರಗಿನವರ ಹೆಚ್ಚುವರಿ ಶುಲ್ಕವೇ ವರ್ಷಕ್ಕೆ ಮೂವತ್ತು ಸಾವಿರ ಡಾಲರಿಗಿಂತ ಹೆಚ್ಚು. ಕಮ್ಯುನಿಟಿ ಕಾಲೇಜಿನಲ್ಲಿ ಉಳಿಸಿದ್ದು ಅಲ್ಲಿ ಒಂದೇ ಏಟಿಗೆ ಹೋಗಬಹುದು. ಆದ್ದರಿಂದ ಈ ವರ್ಷವೇ ವಲಸೆ ವಕೀಲರೊಬ್ಬರನ್ನು ಕಂಡು ತಾರೀಖುಗಳನ್ನು ಮುಂದಿಟ್ಟುಕೊಂಡು ಮಾತಾಡಿ. ಅವನು ಸೇರಬಯಸುವ ಕ್ಯಾಂಪಸ್ಸಿನ ರೆಸಿಡೆನ್ಸಿ ಕಚೇರಿಗೂ ಬರೆದು ಕೇಳಿ, ಉತ್ತರವನ್ನು ಇಮೇಲಿನಲ್ಲೇ ಪಡೆಯಿರಿ. ಫೋನಿನಲ್ಲಿ ಹೇಳಿದ್ದಕ್ಕೆ ನಾಳೆ ಯಾರೂ ಹೊಣೆಯಾಗುವುದಿಲ್ಲ. ಕೋರ್ಸುಗಳ ಸರಪಳಿಯನ್ನೂ ಆ ಹುಟ್ಟುಹಬ್ಬದ ತಾರೀಖಿನಿಂದ ಹಿಂದಕ್ಕೆ ಎಣಿಸಿ ಜೋಡಿಸಿ. ಬೇಸಿಗೆ ತರಗತಿಗಳನ್ನು ಬಳಸಿಕೊಂಡರೆ ಒಂದೆರಡು ಕೊಂಡಿ ಮುಂಚೆ ಮುಗಿಸಬಹುದು.

ಇನ್ನು ನೀವು. ಎಚ್-4ನಲ್ಲಿರುವವರು ಓದಲು ಬೇರೆ ಅನುಮತಿ ಬೇಕಿಲ್ಲ, ಒಂದು ಕೋರ್ಸಾದರೂ ಸರಿ, ಪೂರ್ಣಾವಧಿಯಾದರೂ ಸರಿ. ಮಗನಿಗೆ ಅನ್ವಯಿಸುವ ನಿವಾಸಿ ದರ ನಿಮಗೂ ಅನ್ವಯಿಸುತ್ತದೆ. ಎಂಎಸ್ಸಿ ಓದಿದವಳು ಹದಿನೆಂಟರ ಹುಡುಗರ ಜೊತೆ ಕೂರುವುದೇ ಎಂಬ ಅಳುಕು ಬೇಡ. ಸಂಜೆ ತರಗತಿಗಳಲ್ಲಿ ಅಜ್ಜಂದಿರೂ ಇರುತ್ತಾರೆ, ಪಿಎಚ್‌ಡಿ ಆದವರೂ ಇರುತ್ತಾರೆ. ನಿಮ್ಮ ಸಸ್ಯಶಾಸ್ತ್ರಕ್ಕೆ ಡಿ ಆನ್ಜಾದ ಪರಿಸರ ಅಧ್ಯಯನ ವಿಭಾಗ ಹತ್ತಿರದ್ದು, ಅದಕ್ಕೆ ಕಿರ್ಶ್ ಸೆಂಟರ್ ಎಂಬ ಸ್ವಂತ ಕಟ್ಟಡವೇ ಇದೆ. ಮೆರಿಟ್ ಕಾಲೇಜಿನ ತೋಟಗಾರಿಕೆ ವಿಭಾಗ ಇನ್ನೂ ಚೆನ್ನ, ಆದರೆ ಸನಿವೇಲ್‌ನಿಂದ ಓಕ್ಲೆಂಡ್ ಗುಡ್ಡದವರೆಗೆ ಸಂಜೆಯ ಟ್ರಾಫಿಕ್ಕಿನಲ್ಲಿ ಹೋಗಿಬರುವುದು ಹರಕೆ ಹೊತ್ತವರಿಗೆ ಮಾತ್ರ ಸಾಧ್ಯ. ಮುಂದೆ ಕೆಲಸದ ಪರವಾನಗಿ ಬಂದರೆ ಲ್ಯಾಬ್ ಕೆಲಸಕ್ಕೆ ಹೋಗುವ ಯೋಚನೆ ಇದ್ದರೆ, ಈ ಭಾಗದ ಕಮ್ಯುನಿಟಿ ಕಾಲೇಜುಗಳಲ್ಲಿ ಜೈವಿಕ ತಂತ್ರಜ್ಞಾನದ ಸರ್ಟಿಫಿಕೇಟುಗಳನ್ನು ಕೇಳಿ ನೋಡಿ. ಮೈಸೂರಿನ ಅಂಕಪಟ್ಟಿಗಳನ್ನು ಇಲ್ಲಿಯ ಸಂಸ್ಥೆಯೊಂದರಿಂದ ಮೌಲ್ಯಮಾಪನ ಮಾಡಿಸಿ ಇಟ್ಟುಕೊಂಡರೆ ಆರಂಭದ ಕೋರ್ಸುಗಳಿಂದ ವಿನಾಯಿತಿ ಸಿಗಬಹುದು.

ಏನೂ ಉದ್ದೇಶವಿಲ್ಲದೆ ಸುಮ್ಮನೆ ಒಂದು ತರಗತಿ ಎಂದಾದರೆ, ನೀವು ಮೂದಲಿಸಿದ ಆ ಕುಂಬಾರಿಕೆಯನ್ನೇ ತೆಗೆದುಕೊಳ್ಳಿ. ನಾನೂ ಒಂದು ಚಳಿಗಾಲ ಅಲ್ಲಿ ಕುಳಿತವಳು. ಎಂಟನೇ ವಾರದವರೆಗೆ ನನ್ನ ತಿಗರಿಯ ಮೇಲೆ ಎದ್ದದ್ದೆಲ್ಲ ವಾಲಿದ ಲೋಟಗಳೇ. ಉಗುರು ಚಿಕ್ಕದಾಗಿ ಕತ್ತರಿಸಿಕೊಂಡು, ಬಳೆ ತೆಗೆದಿಟ್ಟು, ಹಳೆಯ ಟವೆಲೊಂದನ್ನು ಹಿಡಿದು ಹೋಗಿ. ಸಾಮಾನು ಇಡುವ ಬೀರುವಿಗೆ ಬೀಗ ನಾವೇ ತರಬೇಕು.